ಕಡಲ ತೊಟ್ಟಿಗೆ ತಳಹಾಸು: ಹವಳದ ಚೂರಿಗಿಂತ ಸುಣ್ಣಕಲ್ಲಿನ ಹರಳೇ ಲೇಸು

ಅಲಂಕಾರದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸವು ಇಂದು ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂತಹ ಪಟ್ಟಣಗಳಲ್ಲಿಯೂ ಬಟ್ಟೆ ಅಂಗಡಿ, ಆಭರಣ ಮಳಿಗೆ, ಆಸ್ಪತ್ರೆ, ಹೋಟೆಲುಗಳ ಮುಂಗಟ್ಟಿನಲ್ಲಿ ಮೀನಿನ ತೊಟ್ಟಿಯನ್ನು ಕಾಣಬಹುದಾಗಿದೆ. ಇವುಗಳಲ್ಲಿ ಬಹುಪಾಲು ಸಿಹಿನೀರಿನ ತೊಟ್ಟಿಗಳು. ಆದರೆ ಹುಬ್ಬಳ್ಳಿ, ಬೆಂಗಳೂರುಗಳಂತಹ ನಗರಗಳಲ್ಲಿ ಉಪ್ಪುನೀರಿನ ತೊಟ್ಟಿ, ಅದರಲ್ಲಿಯೂ ಸಮುದ್ರದೊಳಗಿನ ಹವಳದ ದಿಬ್ಬದ ನೋಟವನ್ನು ಮನೆಯೊಳಗೆ ಮೂಡಿಸುವ ತೊಟ್ಟಿಗಳ ಬಗ್ಗೆ ಆಸಕ್ತಿ ಬೆಳೆದಿದೆ. ಇಂತಹ ತೊಟ್ಟಿಗೆ ಗಾಜು, ಪಂಪು, ದೀಪ, ಸಮುದ್ರದ ಲವಣ ಇವೆಲ್ಲವೂ ಬೇಕು. ಇವುಗಳೊಂದಿಗೆ ತೊಟ್ಟಿಯ ತಳಕ್ಕೆ ಹಾಸಲು ಹತ್ತಾರು ಕಿಲೋಗ್ರಾಂ ಮರಳು ಅಥವಾ ಹರಳು ಬೇಕು. ತೂಕ ಹೆಚ್ಚು, ಮೌಲ್ಯ ಕಡಿಮೆ ಇರುವ ಈ ಸರಕನ್ನು ಸಾವಿರಾರು ಮೈಲಿ ದೂರದಿಂದ ತರಿಸುವುದಕ್ಕಿಂತ ನಮ್ಮ ನಾಡಿನಲ್ಲಿಯೇ ಸಿದ್ಧಪಡಿಸುವುದು ಲಾಭಕರವೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ವ್ಯಾಪಾರದಲ್ಲಿ ಒಂದು ದೊಡ್ಡ ಅಪಾಯವೂ ಅಡಗಿದೆ. ವಿದೇಶೀ ಪುಸ್ತಕಗಳು ಇಂತಹ ತೊಟ್ಟಿಗೆ ಪುಡಿಮಾಡಿದ ಹವಳವನ್ನು ಶಿಫಾರಸು ಮಾಡುತ್ತವೆ. ಅದನ್ನು ನಂಬಿ ನಮ್ಮಲ್ಲಿ ಹವಳದ ಚೂರನ್ನು ಕೊಂಡು ಮಾರಲು ಹೊರಟವರು ಜಾಮೀನು ದೊರೆಯುವುದೂ ಕಷ್ಟವಾದ ಪ್ರಕರಣದಲ್ಲಿ ಸಿಲುಕಿಕೊಳ್ಳಬಹುದು. ಹೀಗಾಗಿ ತಳಹಾಸಿನ ಆಯ್ಕೆಯು ಕೇವಲ ಹವ್ಯಾಸಿಯ ಪ್ರಶ್ನೆಯಲ್ಲ, ವರ್ತಕನ ಪ್ರಶ್ನೆಯೂ ಹೌದು. ಶುದ್ಧ ಸುಣ್ಣಕಲ್ಲು ಇಲ್ಲವೇ ಸಾಮಾನ್ಯ ಕಪ್ಪೆಚಿಪ್ಪಿನಿಂದ ಸಿದ್ಧಪಡಿಸಿದ, ಜರಡಿ ಹಿಡಿದು ತೊಳೆದ, ಬಿಲ್ಲಿನ ಆಧಾರವುಳ್ಳ ಹರಳು ಹವಳದ ಚೂರು ಮಾಡುವ ಎಲ್ಲ ಕೆಲಸವನ್ನೂ ಮಾಡುತ್ತದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ತಳಹಾಸಿನ ಕೆಲಸವೇನು?

ತಳಹಾಸು ಬರೀ ಅಲಂಕಾರಕ್ಕಾಗಿ ಇರುವುದಲ್ಲ. ಮೀನಿನ ಮಲಮೂತ್ರ ಹಾಗೂ ಉಳಿದ ಆಹಾರ ಕೊಳೆತಾಗ ನೀರಿನಲ್ಲಿ ಅಮೋನಿಯ ಉಂಟಾಗುತ್ತದೆ. ಇದು ಮೀನಿಗೆ ವಿಷ. ಹರಳಿನ ಮೈಮೇಲೆ ಮನೆಮಾಡಿಕೊಳ್ಳುವ ಬ್ಯಾಕ್ಟೀರಿಯಾಗಳು ಈ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹಾಸು ದಪ್ಪವಾಗಿದ್ದು ಅದರ ಒಳಪದರಕ್ಕೆ ಆಮ್ಲಜನಕ ತಲುಪದಿದ್ದರೆ, ಅಲ್ಲಿರುವ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಡುಗಡೆ ಮಾಡುತ್ತವೆ. ಎರಡನೆಯದಾಗಿ, ಕಡಲ ಗೋಬಿ, ರಾಸ್ ಮುಂತಾದ ಮೀನುಗಳಲ್ಲಿ ಕೆಲವು ಜಾತಿಗಳು ಮರಳನ್ನು ಬಾಯಲ್ಲಿ ಸೋಸಿ ಆಹಾರ ಪಡೆಯುತ್ತವೆ. ಇನ್ನು ಕೆಲವು ರಾತ್ರಿಯಲ್ಲಿ ಮರಳಿನೊಳಗೆ ಹುದುಗಿ ಮಲಗುತ್ತವೆ. ಮೂರನೆಯದಾಗಿ, ಬಿಳಿಯ ಹಾಸು ದೀಪದ ಬೆಳಕನ್ನು ಮೇಲಕ್ಕೆ ಹೊಮ್ಮಿಸಿ ತೊಟ್ಟಿಗೆ ಕಳೆ ಕೊಡುತ್ತದೆ. ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಈ ಮೂರನೆಯ ಗುಣ. ತೊಟ್ಟಿಯನ್ನು ವರ್ಷಾನುಗಟ್ಟಲೆ ಉಳಿಸುವುದು ಮೊದಲನೆಯ ಗುಣ.

ಹಾಸೇ ಇಲ್ಲದ ಬರಿ ಗಾಜಿನ ತಳವನ್ನು ಇಟ್ಟುಕೊಳ್ಳುವ ಹವ್ಯಾಸಿಗಳೂ ಇದ್ದಾರೆ. ಕಸವನ್ನು ಸುಲಭವಾಗಿ ಹೀರಿ ತೆಗೆಯಬಹುದು, ಪಂಪಿನ ರಭಸವನ್ನು ಎಷ್ಟು ಬೇಕಾದರೂ ಹೆಚ್ಚಿಸಬಹುದು ಎಂಬುದು ಅವರ ವಾದ. ಆದರೆ ಆ ಕ್ರಮದಲ್ಲಿ ಬ್ಯಾಕ್ಟೀರಿಯಾಗಳಿಗೆ ನೆಲೆಯಾಗಬಲ್ಲ ಬೇರೆ ಬಂಡೆ, ಬೇರೆ ಶೋಧಕ ಬೇಕಾಗುತ್ತದೆ. ಹೊಸದಾಗಿ ತೊಟ್ಟಿ ಇಡುವವರಿಗೆ ತೆಳುವಾದ ಹಾಸೇ ಹಿತಕರ.

ಸುಣ್ಣದ ಜಾತಿಯ ಹರಳೇ ಏಕೆ?

ಸಮುದ್ರದ ನೀರಿನಲ್ಲಿ ಪ್ರತಿ ಕಿಲೋಗ್ರಾಂಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ದಿಬ್ಬದ ತೊಟ್ಟಿಯಲ್ಲಿ ಪಿಎಚ್ ಮೌಲ್ಯವನ್ನು 8.1ರಿಂದ 8.4ರ ನಡುವೆಯೂ ಕ್ಯಾಲ್ಸಿಯಂ ಅಂಶವನ್ನು ಲೀಟರಿಗೆ 400ರಿಂದ 450 ಮಿಲಿಗ್ರಾಂಗಳಷ್ಟೂ ಕಾಯ್ದುಕೊಳ್ಳುವುದು ರೂಢಿ. ಹವಳ, ಚಿಪ್ಪು, ಸುಣ್ಣಕಲ್ಲು, ಅಮೃತಶಿಲೆ ಇವೆಲ್ಲವೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೇ ಆದವು. ಈ ಒಂದೇ ವಸ್ತು ಪ್ರಕೃತಿಯಲ್ಲಿ ಪ್ರಧಾನವಾಗಿ ಎರಡು ಹರಳು ರೂಪಗಳನ್ನು ತಾಳುತ್ತದೆ. ಒಂದು ಅರಗೊನೈಟ್, ಇನ್ನೊಂದು ಕ್ಯಾಲ್ಸೈಟ್. ದಿಬ್ಬ ಕಟ್ಟುವ ಹವಳವೂ ಬಹಾಮಾ ದ್ವೀಪಗಳ ಸುತ್ತಲಿನ ಹೆಸರಾಂತ ದುಂಡು ಮರಳೂ ಅರಗೊನೈಟ್ ಜಾತಿಯವು. ಸುಣ್ಣಕಲ್ಲು ಮತ್ತು ಬಿಳಿ ಅಮೃತಶಿಲೆ ಬಹುತೇಕ ಕ್ಯಾಲ್ಸೈಟ್ ಜಾತಿಯವು.

ಇಲ್ಲಿ ಮಾರುಕಟ್ಟೆಯ ಒಂದು ತಪ್ಪು ನಂಬಿಕೆಯನ್ನು ನಿವಾರಿಸುವುದು ಅವಶ್ಯ. 'ಅರಗೊನೈಟ್ ಹಾಕಿದರೆ ನೀರಿನ ಪಿಎಚ್ ತಾನಾಗಿಯೇ ಸರಿಯಾಗಿ ನಿಲ್ಲುತ್ತದೆ' ಎಂದು ಹೇಳಿ ದುಬಾರಿ ಮರಳನ್ನು ಮಾರುವ ಪದ್ಧತಿಯಿದೆ. ಪಿಎಚ್ 8.2 ಇರುವ ಸಮುದ್ರದ ನೀರು ಕ್ಯಾಲ್ಸಿಯಂ ಕಾರ್ಬೊನೇಟಿನ ಮಟ್ಟಿಗೆ ಆಗಲೇ ತುಂಬಿ ತುಳುಕುವ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಆ ನೀರಿನಲ್ಲಿ ಅರಗೊನೈಟಾಗಲಿ ಕ್ಯಾಲ್ಸೈಟಾಗಲಿ ಗಮನಾರ್ಹವಾಗಿ ಕರಗುವುದಿಲ್ಲ. ಹಾಸಿನ ಒಳಪದರದಲ್ಲಿ, ಕೊಳೆಯುವಿಕೆಯಿಂದ ಪಿಎಚ್ ಕುಸಿದ ಎಡೆಯಲ್ಲಿ ಮಾತ್ರ ಅಷ್ಟಿಷ್ಟು ಕರಗೀತು. ಅಲ್ಲಿ ಅರಗೊನೈಟ್ ಕ್ಯಾಲ್ಸೈಟಿಗಿಂತ ತುಸು ಬೇಗ ಕರಗುತ್ತದೆ ಎಂಬುದು ನಿಜ. ಆದರೆ ತೊಟ್ಟಿಯ ಪಿಎಚ್, ಕ್ಷಾರೀಯತೆಗಳನ್ನು ಕಾಯುವುದು ನಿಯತವಾಗಿ ನೀರು ಬದಲಿಸುವುದರಿಂದ ಮತ್ತು ಅಗತ್ಯವಾದ ಲವಣಗಳನ್ನು ಸೇರಿಸುವುದರಿಂದಲೇ ಹೊರತು ಹಾಸಿನಿಂದಲ್ಲ. ಇದರ ವ್ಯಾಪಾರೀ ತಾತ್ಪರ್ಯ ಸ್ಪಷ್ಟವಾಗಿದೆ: ಶುದ್ಧವಾದ ಸುಣ್ಣಕಲ್ಲಿನ ಹರಳು ಅರಗೊನೈಟಿಗೆ ಸಾಟಿಯಾಗಿ ನಿಲ್ಲಬಲ್ಲದು.

ಹರಳಿನ ಗಾತ್ರ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ವಿಂಗಡಿಸದೆ ಮೆಣಸಿನಕಾಯಿಗೆ ದರ ಕಟ್ಟುವವರಿಲ್ಲ. ತಳಹಾಸಿಗೂ ಅದೇ ನ್ಯಾಯ. ಅರ್ಧ ಮಿಲಿಮೀಟರಿಗಿಂತ ನುಣುಪಾದ ಮರಳು ನೋಡಲು ಸೊಗಸು. ಆದರೆ ಪಂಪಿನ ಪ್ರವಾಹಕ್ಕೆ ಎದ್ದು ಬಂಡೆಗಳ ಮೇಲೆ ಕೂರುತ್ತದೆ. ನೀರಿನ ಓಟ ಮಂದವಾಗಿರುವ ತೊಟ್ಟಿಗೆ ಮತ್ತು ದಪ್ಪ ಹಾಸಿಗೆ ಮಾತ್ರ ಅದು ಸಲ್ಲುತ್ತದೆ. 3ರಿಂದ 5 ಮಿಲಿಮೀಟರಿನ ದಪ್ಪ ಹರಳು ಕದಲದೆ ನಿಲ್ಲುತ್ತದಾದರೂ ಅದರ ಸಂದುಗಳಲ್ಲಿ ಕಸ ಇಳಿದು ಕೊಳೆಯುತ್ತದೆ. ಕ್ರಮೇಣ ನೈಟ್ರೇಟ್ ಏರುತ್ತದೆ. 1ರಿಂದ 2 ಮಿಲಿಮೀಟರಿನ ಮಧ್ಯಮ ಹರಳು ಇವೆರಡರ ದೋಷಗಳಿಂದಲೂ ಬಹುಮಟ್ಟಿಗೆ ಮುಕ್ತವಾಗಿದ್ದು, ಸಾಮಾನ್ಯ ಗಿರಾಕಿಗೆ ಕೊಡಬೇಕಾದುದು ಇದೇ.

ಗಾತ್ರದಷ್ಟೇ ಮುಖ್ಯವಾದುದು ಆಕಾರ. ಯಂತ್ರದಲ್ಲಿ ಒಡೆದ ಕಲ್ಲಿನ ಹರಳಿಗೆ ಚೂಪು ಅಂಚುಗಳಿರುತ್ತವೆ. ಮರಳನ್ನು ಬಾಯಲ್ಲಿ ಸೋಸುವ ಮೀನಿಗೂ ಮರಳಿನೊಳಗೆ ಹುದುಗುವ ಮೀನಿಗೂ ಇದರಿಂದ ಗಾಯವಾಗುತ್ತದೆ. ಹೀಗಾಗಿ ಒಡೆದ ಹರಳನ್ನು ಹಾಗೆಯೇ ಚೀಲಕ್ಕೆ ತುಂಬದೆ ಅಂಚು ಸವೆಸುವುದು ಅಗತ್ಯ.

ದಪ್ಪ ಮತ್ತು ತೂಕದ ಲೆಕ್ಕ

ಹಾಸಿನ ದಪ್ಪವು ಒಂದೋ 2.5ರಿಂದ 5 ಸೆಂಟಿಮೀಟರಿನ ಒಳಗಿರಬೇಕು, ಇಲ್ಲವೇ 10 ಸೆಂಟಿಮೀಟರಿಗಿಂತ ಹೆಚ್ಚಿರಬೇಕು ಎಂಬುದು ಅನುಭವಸ್ಥರ ಮಾತು. ನಡುವಣ ದಪ್ಪದಲ್ಲಿ ಕಸ ಶೇಖರವಾಗುತ್ತದೆ, ನೈಟ್ರೇಟನ್ನು ಕಳೆಯುವಷ್ಟು ಆಳವೂ ಸಿಗುವುದಿಲ್ಲ. ದಪ್ಪ ಹಾಸನ್ನು ಆಗಾಗ ಕೆದಕಿದರೆ ಒಳಪದರದಲ್ಲಿ ಸೇರಿಕೊಂಡ ವಿಷಾನಿಲ ಒಮ್ಮೆಲೇ ಮೇಲೆದ್ದು ಮೀನುಗಳಿಗೆ ಕುತ್ತಾಗಬಹುದು. ಅದನ್ನು ನಿಭಾಯಿಸುವ ತಿಳಿವಳಿಕೆ ಇಲ್ಲದವರಿಗೆ ತೆಳು ಹಾಸನ್ನೇ ಸೂಚಿಸುವುದು ವರ್ತಕನ ಧರ್ಮ.

ಎಷ್ಟು ಹರಳು ಬೇಕೆಂಬ ಲೆಕ್ಕ ಸರಳ. ತೊಟ್ಟಿಯ ತಳದ ಉದ್ದ, ಅಗಲ, ಹಾಸಿನ ದಪ್ಪ ಇವುಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1,000ದಿಂದ ಭಾಗಿಸಿದರೆ ಲೀಟರು ದೊರೆಯುತ್ತದೆ. ಒಂದು ಲೀಟರ್ ಒಣ ಹರಳು ಸರಿಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಉದಾಹರಣೆಗೆ, 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ತೊಟ್ಟಿಗೆ 4 ಸೆಂಟಿಮೀಟರ್ ದಪ್ಪ ಹಾಸು ಬೇಕಿದ್ದರೆ 21.6 ಲೀಟರ್, ಅಂದರೆ ಸುಮಾರು 32 ಕಿಲೋಗ್ರಾಂ ಹರಳು ಬೇಕು. ಅದೇ ತೊಟ್ಟಿಗೆ 10 ಸೆಂಟಿಮೀಟರ್ ಹಾಸಬೇಕಾದರೆ 81 ಕಿಲೋಗ್ರಾಂ ಬೇಕಾಗುತ್ತದೆ. ಸಾಗಣೆ ವೆಚ್ಚವೇ ಸರಕಿನ ಬೆಲೆಯನ್ನು ನಿರ್ಧರಿಸುವ ವ್ಯಾಪಾರವಿದು ಎಂಬುದು ಇದರಿಂದ ಮನದಟ್ಟಾಗುತ್ತದೆ.

ಹವಳದ ಚೂರು ಬೇಡ: ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ 2001ರ ಜುಲೈನಲ್ಲಿ ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಅನೇಕ ಕಡಲ ಜೀವಿಗಳನ್ನು ಸೇರಿಸಿತು. ದಿಬ್ಬ ಕಟ್ಟುವ ಎಲ್ಲ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕೊಳವೆ ಹವಳ, ಕಡಲ ಬೀಸಣಿಗೆ ಇವೆಲ್ಲವೂ ಹುಲಿ, ಆನೆಗಳಿಗಿರುವಂತಹ ಗರಿಷ್ಠ ರಕ್ಷಣೆಗೆ ಪಾತ್ರವಾದವು. ಕಡಲ ಕುದುರೆ ಮತ್ತು ಕಡಲ ಸೌತೆಗಳೂ ಈ ಪಟ್ಟಿಗೆ ಸೇರಿವೆ. ತಳಹಾಸನ್ನು ಚೊಕ್ಕಟವಾಗಿಡಲು ಕಡಲ ಸೌತೆಯನ್ನು ಬಿಡಿರೆಂದು ಪರದೇಶದ ಕೈಪಿಡಿಗಳು ಹೇಳುತ್ತವೆ. ನಮ್ಮ ದೇಶದಲ್ಲಿ ಆ ಸಲಹೆಯನ್ನು ಪಾಲಿಸುವುದೇ ಅಪರಾಧವಾಗುತ್ತದೆ.

2022ರಲ್ಲಿ ಈ ಕಾಯ್ದೆಗೆ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅನುಸೂಚಿಗಳ ಸಂಖ್ಯೆಯನ್ನು ಆರರಿಂದ ನಾಲ್ಕಕ್ಕೆ ಇಳಿಸಿ ಪುನರ್‌ರಚಿಸಲಾಗಿದ್ದರೂ ಹವಳದ ರಕ್ಷಣೆ ಸಡಿಲಗೊಂಡಿಲ್ಲ. ಒಂದನೆಯ ಅನುಸೂಚಿಯ ಜೀವಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಸೆರೆವಾಸವಿದ್ದು, ಕನಿಷ್ಠ ದಂಡವನ್ನು 10,000 ರೂಪಾಯಿಗಳಿಂದ 25,000 ರೂಪಾಯಿಗಳಿಗೆ ಏರಿಸಲಾಗಿದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ರಕ್ಷಿತ ಪ್ರಾಣಿಯಿಂದಾದ ವಸ್ತುವು ಯಾರ ವಶದಲ್ಲಿ ಸಿಕ್ಕಿತೋ ಅವರು ಅದನ್ನು ಕಾನೂನುಬಾಹಿರವಾಗಿ ಇಟ್ಟುಕೊಂಡಿದ್ದಾರೆಂದೇ ಕಾಯ್ದೆಯ 57ನೆಯ ಪ್ರಕರಣವು ಭಾವಿಸಿಕೊಳ್ಳುತ್ತದೆ. ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆ ಆಪಾದಿತನದೇ. 'ಸತ್ತ ಹವಳ', 'ದಡಕ್ಕೆ ಬಂದು ಬಿದ್ದದ್ದು', 'ಆಮದು ಮಾಲು' ಎಂಬ ಬಾಯಿಮಾತು ಗೋದಾಮಿನಲ್ಲಿ ಚೀಲ ಸಿಕ್ಕ ಮೇಲೆ ಉಪಯೋಗಕ್ಕೆ ಬಾರದು. ಜೀವಂತ ಹವಳ ಅಥವಾ ಸಮುದ್ರದಿಂದ ಕಿತ್ತು ತಂದ ಬಂಡೆಯ ವ್ಯವಹಾರವನ್ನೂ ಅರಣ್ಯ ಇಲಾಖೆಯ ಲಿಖಿತ ಅಭಿಪ್ರಾಯವಿಲ್ಲದೆ ಮುಟ್ಟದಿರುವುದು ಕ್ಷೇಮಕರ.

ಈ ಕಟ್ಟುನಿಟ್ಟಿಗೆ ಬಲವಾದ ಕಾರಣವಿದೆ. ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ ದಶಕಗಳ ಕಾಲ ಸುಣ್ಣದ ಗೂಡುಗಳಿಗಾಗಿ ಮತ್ತು ಕಾರ್ಖಾನೆಗಳಿಗಾಗಿ ಹವಳವನ್ನು ಅಗೆದು ಸಾಗಿಸಲಾಯಿತು. 1986ರಲ್ಲಿ ಅಲ್ಲಿ ಕಡಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಗೊಂಡಿತಾದರೂ ಅದರ ವ್ಯಾಪ್ತಿಯ 21 ದ್ವೀಪಗಳಲ್ಲಿ ಎರಡು ನೀರಿನಲ್ಲಿ ಮುಳುಗಿದವು. ಅಲೆಯ ಹೊಡೆತವನ್ನು ತಡೆಯುವ ದಿಬ್ಬವೇ ಇಲ್ಲವಾದಾಗ ದಡವೂ ಉಳಿಯಲಿಲ್ಲ. ನಮ್ಮ ರಾಜ್ಯದಲ್ಲಿಯೂ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅವು ಯಾರ ಅಂಗಡಿಗೂ ಬರತಕ್ಕವಲ್ಲ. ಕಡಲ ತೀರದ ಮರಳನ್ನು ತುಂಬಿ ತರುವುದಕ್ಕೂ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಅಡ್ಡಿಯಾಗಿವೆ.

ನಮ್ಮ ಸುತ್ತಿನ ಸಾಮಗ್ರಿಗಳು

ಹಾಗಾದರೆ ಹಾವೇರಿ ಜಿಲ್ಲೆಯ ಉದ್ಯಮಿಗೆ ಸಿಗುವ ಸಾಮಗ್ರಿ ಯಾವುದು? ಮೊದಲು ನೆನಪಾಗುವುದು ತುಂಗಭದ್ರೆಯ ಮರಳು. ಇದು ಮುಖ್ಯವಾಗಿ ಬೆಣಚುಕಲ್ಲಿನ, ಅಂದರೆ ಸಿಲಿಕಾ ಜಾತಿಯ ಮರಳು. ಸಿಲಿಕಾ ನೀರಿನಲ್ಲಿ ಕರಗಿ ಪಾಚಿ ಬೆಳೆಸುತ್ತದೆಂಬ ಮಾತಿದ್ದರೂ ಬೆಣಚುಕಲ್ಲು ಕರಗುವುದು ತೀರ ಅತ್ಯಲ್ಪ. ನದಿ ಮರಳಿನ ನಿಜವಾದ ತೊಂದರೆ ಅದರೊಂದಿಗೆ ಬರುವ ಜೇಡಿ, ಕಬ್ಬಿಣಾಂಶವುಳ್ಳ ಕಪ್ಪು ಕಣ ಮತ್ತು ಮಂಕು ಬಣ್ಣ. ಸಿಹಿನೀರಿನ ತೊಟ್ಟಿಗೆ ತೊಳೆದು ಬಳಸಬಹುದು. ಕಡಲ ತೊಟ್ಟಿಗೆ ಅದು ಎರಡನೆಯ ದರ್ಜೆಯದು. ಅಲ್ಲದೆ ಪರವಾನಗಿ ಇಲ್ಲದ ನದಿ ಮರಳಿನ ಸಾಗಣೆ ತನ್ನದೇ ಆದ ಕಾನೂನು ತೊಡಕುಗಳನ್ನು ತರುತ್ತದೆ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಸಾಮಾನ್ಯವಾಗಿ ಗ್ರಾನೈಟ್ ಮುಂತಾದ ಗಟ್ಟಿ ಕಲ್ಲಿನಿಂದಾದುದು. ಅಂಚು ಚೂಪು, ಧೂಳು ಹೆಚ್ಚು. ಅದು ಬೇಡ.

ನಮ್ಮ ಕಾಲಡಿಯ ಕಲ್ಲು ಕೂಡ ಈ ಕೆಲಸಕ್ಕೆ ಒದಗದು. ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರಿನಿಂದಲೇ ಕರೆಯುವ ಶಿಲಾಸ್ತರವು ಗ್ರೇವ್ಯಾಕ್ ಎಂಬ ಮಬ್ಬು ಬಣ್ಣದ ಮರಳುಗಲ್ಲಿನದೇ ಹೊರತು ಸುಣ್ಣಕಲ್ಲಿನದಲ್ಲ. ಆದರೆ ಉತ್ತರಕ್ಕೆ ಸಾಗಿದರೆ ಬಾಗಲಕೋಟೆ ಜಿಲ್ಲೆಯ ಲೋಕಾಪುರ, ಮುಧೋಳ ಪರಿಸರದ ಕಲಾದಗಿ ಶಿಲಾವಲಯದಲ್ಲಿ ಸುಣ್ಣಕಲ್ಲು ಮತ್ತು ಡಾಲೊಮೈಟ್ ಹೇರಳವಾಗಿವೆ. ಇನ್ನೂ ಆಚೆ ಕಲಬುರಗಿ ಜಿಲ್ಲೆಯ ಸೇಡಂ, ವಾಡಿ, ಶಹಾಬಾದಗಳ ಸುಣ್ಣಕಲ್ಲು ಸಿಮೆಂಟಿಗೂ ನೆಲಹಾಸಿಗೂ ಹೆಸರಾದುದು. ಇವುಗಳಲ್ಲಿ ತಿಳಿ ಬಣ್ಣದ, ಮಣ್ಣಿನಂಶ ಕಡಿಮೆಯಿರುವ ಕಲ್ಲನ್ನು ಆರಿಸಿಕೊಳ್ಳಬೇಕು. ಡಾಲೊಮೈಟಿನಲ್ಲಿ ಕ್ಯಾಲ್ಸಿಯಮ್ಮಿನೊಂದಿಗೆ ಮೆಗ್ನೀಸಿಯಂ ಸಹ ಇರುತ್ತದೆ. ಅದು ಇನ್ನೂ ನಿಧಾನವಾಗಿ ಕರಗುವ ವಸ್ತುವಾದರೂ ಹಾಸಿಗೆ ಅಡ್ಡಿಯಿಲ್ಲ.

ಹಾಲಿನಂತಹ ಬಿಳುಪು ಬೇಕೆನ್ನುವ ಗಿರಾಕಿಗೆ ಮೊಸಾಯಿಕ್ ನೆಲಕ್ಕಾಗಿ ಮಾರಾಟವಾಗುವ ಬಿಳಿ ಅಮೃತಶಿಲೆಯ ಚಿಪ್ಸ್ ಒದಗುತ್ತದೆ. ಕಟ್ಟಡ ಸಾಮಗ್ರಿಯ ವರ್ತಕರಿಗೆ ಇದು ಪರಿಚಿತ ಸರಕು. ಬಣ್ಣ ಬಳಿದ ಹಾಗೂ ಮೆರುಗು ಎಣ್ಣೆ ಹಚ್ಚಿದ ಚಿಪ್ಸನ್ನು ಮಾತ್ರ ದೂರವಿಡಬೇಕು. ಮೊಟ್ಟೆ ಕೋಳಿಗಳ ಆಹಾರಕ್ಕೆ ಸೇರಿಸುವ ಸುಣ್ಣಕಲ್ಲಿನ ಹರಳು ಮತ್ತು ಚಿಪ್ಪಿನ ಚೂರು ಸಹ ಇದೇ ವಸ್ತುಗಳಾಗಿದ್ದು, ಜರಡಿ ಹಿಡಿದು ತೊಳೆದರೆ ತೊಟ್ಟಿಗೂ ಸಲ್ಲುತ್ತವೆ.

ಕಪ್ಪೆಚಿಪ್ಪಿನ ವಿಚಾರ ವಿಶೇಷವಾಗಿ ಗಮನಾರ್ಹ. ಹಾವೇರಿಯಿಂದ ಶಿರಸಿ ಮಾರ್ಗವಾಗಿ ಕುಮಟೆಗೆ ಹೋಗುವ ಹೆದ್ದಾರಿಯು ಅಘನಾಶಿನಿ ನದಿಯ ಅಳಿವೆಯ ಸೀಮೆಗೇ ತಲುಪುತ್ತದೆ. ಅಲ್ಲಿ ಜನ ಆಹಾರಕ್ಕಾಗಿ ಬಳಚು ಮುಂತಾದ ಚಿಪ್ಪಿನ ಜೀವಿಗಳನ್ನು ಆರಿಸುವುದು ಪರಂಪರಾಗತ ಕಸುಬು. ಬಳಚಿನ ಜಾತಿಯ ಹಲವು ಚಿಪ್ಪುಗಳು ಹವಳದಂತೆಯೇ ಅರಗೊನೈಟ್ ಹರಳಿನವು. ಅರಗೊನೈಟೇ ಬೇಕೆಂದು ಹಟ ಹಿಡಿಯುವ ಗಿರಾಕಿಗೂ ಹೀಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ಆದರೆ ಈ ಅಳಿವೆಯು 2024ರ ಜನವರಿಯಲ್ಲಿ ರಾಮ್ಸಾರ್ ತಾಣವೆಂದು ಘೋಷಿತವಾಗಿದೆ. ಅದರ ತಳವನ್ನು ಅಗೆದು ತೆಗೆದ ಚಿಪ್ಪನ್ನು ಕೊಳ್ಳದೆ, ಆಹಾರಕ್ಕೆ ಬಳಸಿದ ನಂತರ ಉಳಿಯುವ ಚಿಪ್ಪನ್ನು ಬಿಲ್ಲಿನೊಂದಿಗೆ ಕೊಳ್ಳುವುದು ಸೂಕ್ತ. ಕೆಲವು ದೊಡ್ಡ ಚಿಪ್ಪು, ಶಂಖಗಳ ಜಾತಿಗಳು ಸಹ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ ಮಿಶ್ರ ಚಿಪ್ಪಿನ ರಾಶಿಯನ್ನು ಆರಿಸದೆ ಒಡೆಯಬಾರದು.

ಒಂದು ಎಚ್ಚರಿಕೆಯ ಮಾತು. ಸುಣ್ಣಕಲ್ಲು ಬೇರೆ, ಸುಣ್ಣ ಬೇರೆ. ಸವಣೂರಿನ ಎಲೆಗೆ ಹಚ್ಚುವ ಸುಣ್ಣವು ಕಲ್ಲನ್ನೋ ಚಿಪ್ಪನ್ನೋ ಸುಟ್ಟು ನೀರು ಹಾಕಿ ಅರಳಿಸಿದ್ದು. ಅದು ತೀವ್ರ ಕ್ಷಾರ. ಗೂಡಿನಲ್ಲಿ ಅರೆಬರೆ ಸುಟ್ಟ ಚೂರುಗಳು ಹಾಸಿನಲ್ಲಿ ಬೆರೆತರೆ ಪಿಎಚ್ ಏರಿ ತೊಟ್ಟಿಯ ಜೀವಿಗಳೆಲ್ಲವೂ ಕೆಲವೇ ತಾಸುಗಳಲ್ಲಿ ನಾಶವಾಗುತ್ತವೆ. ಸುಣ್ಣದ ಗೂಡಿನ ಪಕ್ಕದ ರಾಶಿಯಿಂದ ಹರಳನ್ನು ಎಂದಿಗೂ ತುಂಬಿಸಿಕೊಳ್ಳಬಾರದು.

ಸಣ್ಣ ಘಟಕದಲ್ಲಿ ತಯಾರಿಕೆ

ಕಲ್ಲು ಒಡೆಯುವ ಯಂತ್ರವನ್ನು ಹೊಸದಾಗಿ ಹೂಡಬೇಕಾಗಿಲ್ಲ. 3 ಮಿಲಿಮೀಟರಿಗಿಂತ ಸಣ್ಣದಾಗಿ ಒಡೆದ ಸರಕನ್ನು ಕೊಂಡು ತಂದು, ಅದಕ್ಕೆ ಬೆಲೆ ಕೂಡಿಸುವ ಕೆಲಸವನ್ನಷ್ಟೇ ಇಲ್ಲಿ ಮಾಡಬಹುದು. ಕೆಲಸದ ಕ್ರಮ ಹೀಗಿದೆ:

1. 2 ಮಿಲಿಮೀಟರ್ ಮತ್ತು 1 ಮಿಲಿಮೀಟರ್ ಜರಡಿಗಳಲ್ಲಿ ಹಾಯಿಸಿ ಮೂರು ದರ್ಜೆಗಳನ್ನು ಬೇರ್ಪಡಿಸುವುದು.
2. ಕಾಂಕ್ರೀಟ್ ಮಿಕ್ಸರಿನಂತಹ ತಿರುಗುವ ಪಾತ್ರೆಯಲ್ಲಿ ನೀರಿನೊಂದಿಗೆ ಉರುಳಿಸಿ ಅಂಚು ಸವೆಸುವುದು.
3. ನೀರು ತಿಳಿಯಾಗಿ ಬರುವವರೆಗೆ ತೊಳೆಯುವುದು. ಸವೆಸಿದಾಗ ಹುಟ್ಟುವ ಹಿಟ್ಟು ಉಳಿದರೆ ತೊಟ್ಟಿಯ ನೀರು ದಿನಗಟ್ಟಲೆ ಹಾಲಿನಂತೆ ಕದಡಿರುತ್ತದೆ.
4. ಚಿಪ್ಪಾದರೆ ಒಡೆಯುವ ಮೊದಲೇ ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಿ, ಮಾಂಸದ ಅಂಶವನ್ನು ಪೂರ್ತಿಯಾಗಿ ತೆಗೆದು, ಹಲವು ಬಾರಿ ತೊಳೆಯುವುದು.
5. ಬಿಸಿಲಿನಲ್ಲಿ ಒಣಗಿಸಿ, ಮತ್ತೊಮ್ಮೆ ಜರಡಿ ಹಿಡಿದು, ಹೊಸ ಚೀಲಗಳಲ್ಲಿ ತುಂಬುವುದು.

ಕೊನೆಯ ಅಂಶವು ನಮ್ಮ ಊರುಗಳಿಗೆ ಅತ್ಯಂತ ಪ್ರಸ್ತುತ. ಬೀಜೋದ್ಯಮಕ್ಕೆ ಹೆಸರಾದ ರಾಣೆಬೆನ್ನೂರಿನಲ್ಲಿ ಒಳ್ಳೆಯ ಜರಡಿ ಯಂತ್ರಗಳಿಗೂ ಅವುಗಳನ್ನು ಬಲ್ಲ ಕೆಲಸಗಾರರಿಗೂ ಕೊರತೆಯಿಲ್ಲ. ಆದರೆ ಬೀಜಕ್ಕೆ ಲೇಪಿಸುವ ಶಿಲೀಂಧ್ರನಾಶಕ, ಕೀಟನಾಶಕಗಳ ಲೇಶವೂ ಮೀನಿಗೆ ಮಾರಕ. ಬೀಜೋಪಚಾರ ನಡೆದ ಯಂತ್ರದಲ್ಲಿ ತೊಟ್ಟಿಯ ಹರಳನ್ನು ಹಾಯಿಸಲಾಗದು. ಹಾಗೆಯೇ ಮೆಣಸಿನಕಾಯಿಯ ಹಳೆಯ ಗೋಣಿ, ರಸಗೊಬ್ಬರದ ಖಾಲಿ ಚೀಲಗಳನ್ನು ತುಂಬಲು ಬಳಸಬಾರದು. ಗೊಬ್ಬರದ ರಂಜಕಾಂಶವು ತೊಟ್ಟಿಯಲ್ಲಿ ಪಾಚಿಯನ್ನು ಬೆಳೆಸುತ್ತದೆ. ತಾಮ್ರವು ಬೆನ್ನೆಲುಬಿಲ್ಲದ ಕಡಲ ಜೀವಿಗಳಿಗೆ ವಿಷವಾದ್ದರಿಂದ ತಾಮ್ರ, ಹಿತ್ತಾಳೆಯ ಪಾತ್ರೆಗಳೂ ಸಲ್ಲವು. ಪ್ಲಾಸ್ಟಿಕ್ ತೊಟ್ಟಿಗಳೇ ಸಾಕು.

ಪರೀಕ್ಷಿಸಿ ನೋಡುವ ಬಗೆ

ಕೊಳ್ಳುವಾಗಲೂ ಮಾರುವ ಮುನ್ನವೂ ನಾಲ್ಕು ಸರಳ ಪರೀಕ್ಷೆಗಳನ್ನು ನಡೆಸಬಹುದು. ಒಂದು ಚಿಟಿಕೆ ಹರಳಿನ ಮೇಲೆ ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ನೊರೆಯುಕ್ಕಿದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಬೆಣಚು ಮರಳು ನೊರೆಗೊಳ್ಳದು. ಡಾಲೊಮೈಟ್ ಮಂದವಾಗಿ ನೊರೆಯೇಳುತ್ತದೆ, ಪುಡಿಮಾಡಿದರೆ ಚೆನ್ನಾಗಿ ಕಾಣುತ್ತದೆ. ಹರಳು ಪೂರ್ತಿ ಕರಗುವವರೆಗೆ ಆಮ್ಲ ಹಾಕಿದಾಗ ತಳದಲ್ಲಿ ಉಳಿಯುವ ಚರಟವೇ ಕಲ್ಲಿನ ಮಣ್ಣು ಮತ್ತು ಸಿಲಿಕಾದ ಅಳತೆ. ಎರಡನೆಯದು ಆಯಸ್ಕಾಂತದ ಪರೀಕ್ಷೆ: ಪ್ಲಾಸ್ಟಿಕ್ ಹಾಳೆ ಸುತ್ತಿದ ಆಯಸ್ಕಾಂತವನ್ನು ಹರಳಿನಲ್ಲಿ ಆಡಿಸಿದಾಗ ಕಪ್ಪು ಕಣಗಳು ಅಂಟಿಕೊಂಡರೆ ಅದು ಕಬ್ಬಿಣದ ಗುರುತು, ಒಡೆಯುವ ಯಂತ್ರದ ಸವೆತದ ಚೂರೂ ಹೀಗೆಯೇ ಸಿಕ್ಕಿಬೀಳುತ್ತದೆ. ಮೂರನೆಯದು ಬಾಟಲಿಯ ಪರೀಕ್ಷೆ: ಹರಳು ಮತ್ತು ನೀರನ್ನು ಗಾಜಿನ ಬಾಟಲಿಯಲ್ಲಿ ಕುಲುಕಿ ಇಟ್ಟಾಗ ನೀರು ಬೇಗ ತಿಳಿಯಾಗಬೇಕು. ನಾಲ್ಕನೆಯದು ನೆನೆಸುವ ಪರೀಕ್ಷೆ: ಆರ್.ಓ. ನೀರಿನಲ್ಲಿ ಕಡಲ ಲವಣ ಬೆರೆಸಿ, ಅದರಲ್ಲಿ ಹರಳನ್ನು ಒಂದು ವಾರ ನೆನೆಸಿಟ್ಟು, ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕಿಟ್‌ನಿಂದ ಪಿಎಚ್ ಮತ್ತು ಫಾಸ್ಫೇಟ್ ಅಳೆಯುವುದು. ಬರಿಯ ಲವಣದ ನೀರಿಗೂ ಹರಳು ನೆನೆದ ನೀರಿಗೂ ಗಣನೀಯ ಅಂತರ ಕಂಡುಬಂದರೆ ಆ ರಾಶಿಯನ್ನು ಮಾರಾಟಕ್ಕೆ ಬಿಡಬಾರದು. ಹೊಸ ಕಲ್ಲುಗಣಿಯ ಸರಕಾದರೆ ಒಮ್ಮೆ ಪ್ರಯೋಗಾಲಯದಲ್ಲಿ ಪೂರ್ಣ ವಿಶ್ಲೇಷಣೆ ಮಾಡಿಸಿ ವರದಿಯನ್ನು ಕಡತದಲ್ಲಿ ಇಡುವುದು ಯೋಗ್ಯ.

ಮಾರಾಟದ ಶಿಸ್ತು

ಚೀಲದ ಮೇಲಿನ ಚೀಟಿಯಲ್ಲಿ ವಸ್ತುವಿನ ನಿಜವಾದ ಹೆಸರು, ಹರಳಿನ ಗಾತ್ರ, ಒಣ ತೂಕ, ತೊಳೆಯಲಾಗಿದೆಯೇ ಇಲ್ಲವೇ ಎಂಬ ವಿವರ ಇರಬೇಕು. ಇದರಲ್ಲಿ 'ಕೋರಲ್' ಅಥವಾ 'ಹವಳ' ಎಂಬ ಪದವು ಆಕರ್ಷಣೆಗಾಗಿಯೂ ಸುಳಿಯಬಾರದು. ಸುಣ್ಣಕಲ್ಲಿನ ಹರಳಿಗೆ ಹವಳವೆಂದು ಹೆಸರಿಡುವುದು ಗಿರಾಕಿಗೆ ಮಾಡುವ ಮೋಸ. ತನಿಖೆಗೆ ತಾನಾಗಿ ಕೊಡುವ ಆಹ್ವಾನ. ಕಲ್ಲು ಕೊಂಡ ಬಿಲ್ಲು, ಖನಿಜ ಸಾಗಣೆಯ ಪರವಾನಗಿ, ಚಿಪ್ಪು ಕೊಂಡ ರಸೀದಿ ಇವುಗಳನ್ನು ರಾಶಿವಾರು ಜೋಡಿಸಿಡಬೇಕು. ನಾಳೆ ಅಧಿಕಾರಿಗಳು ಬಂದು 'ಇದು ಏನು, ಎಲ್ಲಿಯದು?' ಎಂದು ಕೇಳಿದಾಗ ಉತ್ತರ ಕಾಗದದಲ್ಲಿರಬೇಕು.

ಸ್ಥಳೀಯ ಬೇಡಿಕೆಯೊಂದನ್ನೇ ನಂಬಿ ದೊಡ್ಡ ಬಂಡವಾಳ ಹೂಡುವುದು ವಿವೇಕವಲ್ಲ. ಹುಬ್ಬಳ್ಳಿಗೂ ಬೆಂಗಳೂರಿಗೂ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಮತ್ತು ರೈಲುಮಾರ್ಗ ನಮ್ಮ ಮೂರೂ ಪಟ್ಟಣಗಳಿಗೆ ಒದಗಿಬಂದ ಅನುಕೂಲ. ಮೊದಲು ಅರ್ಧ ಟನ್ನಿನಷ್ಟು ಸರಕನ್ನು 5 ಹಾಗೂ 10 ಕಿಲೋಗ್ರಾಮಿನ ಚೀಲಗಳಲ್ಲಿ ಸಿದ್ಧಪಡಿಸಿ, ಈ ನಗರಗಳ ಅಕ್ವೇರಿಯಂ ಅಂಗಡಿಗಳಿಗೆ ಮಾದರಿ ಕೊಟ್ಟು, ಆರು ತಿಂಗಳು ತೊಟ್ಟಿಯಲ್ಲಿ ಅದು ಹೇಗೆ ಬಾಳುತ್ತದೆಂದು ಕಾದು ನೋಡಬೇಕು. ಇದೇ ಹರಳಿನ ಒಂದು ಮಿಲಿಮೀಟರಿಗಿಂತ ಸಣ್ಣ ಭಾಗವನ್ನು ಸಿಮೆಂಟಿನೊಂದಿಗೆ ಬೆರೆಸಿ ಕೃತಕ ಬಂಡೆಗಳನ್ನು ಎರಕ ಹೊಯ್ಯುವುದು ಉಪ ಉತ್ಪನ್ನವಾಗಬಲ್ಲದು. ಹೊಸ ಸಿಮೆಂಟು ನೀರಿಗೆ ಕ್ಷಾರವನ್ನು ಬಿಡುವುದರಿಂದ ಅಂತಹ ಬಂಡೆಗಳನ್ನು ಪಿಎಚ್ ಸ್ಥಿರಗೊಳ್ಳುವವರೆಗೆ ಹಲವು ವಾರ ನೀರು ಬದಲಿಸುತ್ತ ನೆನೆಸಬೇಕೆಂಬುದನ್ನು ಮರೆಯಬಾರದು. ಮೀನಿನ ವಿಷಯದಲ್ಲಿಯೂ ಕಾಲ ಅನುಕೂಲವಾಗಿದೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನನ್ನು ಮೊಟ್ಟೆಯಿಂದಲೇ ಬೆಳೆಸುವ ವಿಧಾನವನ್ನು ರೂಪಿಸಿರುವುದರಿಂದ, ಸಮುದ್ರದಿಂದ ಹಿಡಿದು ತರದ ಮೀನನ್ನೇ ತೊಟ್ಟಿಗೆ ಬಿಡುವುದು ಸಾಧ್ಯವಾಗಿದೆ.

ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದುದು ಅದರ ಬಣ್ಣ ಮತ್ತು ಗುಣದ ಬಲದಿಂದ. ಹೆಸರು ಸರಕಿನ ಹಿಂದೆ ಬರಬೇಕೇ ಹೊರತು ಸರಕು ಹೆಸರಿನ ಹಿಂದೆ ಅಡಗಬಾರದು ಎಂಬ ಈ ಪಾಠ ತಳಹಾಸಿನ ಹರಳಿಗೂ ಅನ್ವಯಿಸುತ್ತದೆ. ಹವಳವು ಸಮುದ್ರದಲ್ಲಿಯೇ ಇರಲಿ. ಗಿರಾಕಿಯ ತೊಟ್ಟಿಗೆ ಬೇಕಾದುದು ಶುದ್ಧವಾದ, ಸಮಗಾತ್ರದ, ಅಂಚು ಸವೆದ ಹರಳು. ಕಲ್ಲು ನಮ್ಮ ನಾಡಿನಲ್ಲಿದೆ, ಜರಡಿ ಹಿಡಿಯುವ ಕೈಗಳು ನಮ್ಮ ಊರುಗಳಲ್ಲಿವೆ. ಸಣ್ಣ ಉದ್ದಿಮೆದಾರರು ಈ ದಿಸೆಯಲ್ಲಿ ಎಚ್ಚರದ ಮೊದಲ ಹೆಜ್ಜೆಯನ್ನು ಇಡಬಹುದಾಗಿದೆ.